ಬಿಸಿಲು, ಚರ್ಮ, ಕೂಲಿ

(ದಾವಣಗೆರೆಯಲ್ಲಿ ಅಕ್ಕಿ ಗಿರಣಿ ಕೆಲಸಗಾರರು ಹಾಗೂ ಬೀದಿ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಇವತ್ತಿನ ವಿಷಯ ಕೇಳಿ ನಿಮ್ಮಲ್ಲಿ ಕೆಲವರು ನಕ್ಕದ್ದನ್ನು ನಾವು ಕಂಡೆವು. ಬೋನಸ್ಸಿನ ಮಾತು ಬಿಟ್ಟು, ಕೂಲಿ ದರದ ಮಾತು ಬಿಟ್ಟು, ಇವರು ಮುಖದ ಬಣ್ಣ ಕೆಡದಂತೆ ನೋಡಿಕೊಳ್ಳಿರೆಂದು ಉಪದೇಶ ಮಾಡಲು ಬಂದರಲ್ಲ ಎಂದು ನಿಮಗೆ ಅನಿಸಿದ್ದರೆ ತಪ್ಪೇನಿಲ್ಲ. ಬಿಸಿಲಿನಿಂದ ಚರ್ಮ ಕಾಪಾಡಿಕೊಳ್ಳಿ ಎಂದು ಇದುವರೆಗೆ ನಮಗೆ ಹೇಳಿದವರು ಟ್ಯೂಬು ಮಾರುವವರು. ಅವರ ಜಾಹೀರಾತಿನ ಹುಡುಗಿ ಕಾರಿನಿಂದಿಳಿದು ಕಟ್ಟಡದ ಮೆಟ್ಟಿಲು ಹತ್ತುವಷ್ಟು ಹೊತ್ತು ಮಾತ್ರ ಬಿಸಿಲಿನಲ್ಲಿರುತ್ತಾಳೆ. ಗಿರಣಿಯ ಕಣದಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಭತ್ತ ತಿರುವಿ ಹಾಕುವ ಹೆಂಗಸು ಆ ಜಾಹೀರಾತಿನಲ್ಲಿ ಎಂದೂ ಕಾಣಿಸಿಕೊಂಡಿಲ್ಲ. ಚರ್ಮ ಇರುವುದು ಇಬ್ಬರಿಗೂ. ಬಿಸಿಲು ಬೀಳುವುದು ಒಬ್ಬಳ ಮೇಲೆ. ಆದಕಾರಣ ಈ ವಿಷಯವನ್ನು ಟ್ಯೂಬಿನವರ ಕೈಯಿಂದ ಕಸಿದುಕೊಂಡು ಸಂಘದ ಮೇಜಿನ ಮೇಲಿಡಬೇಕೆಂದು ನಾವು ಬಂದಿದ್ದೇವೆ.

ಮೊದಲು ಬಿಸಿಲೆಂದರೆ ಏನೆಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ಅದರಲ್ಲಿ ಎರಡು ಪೆಟ್ಟುಗಳಿವೆ. ಒಂದು ಝಳ. ಅದು ಮೈಗೆ ಗೊತ್ತಾಗುತ್ತದೆ, ಬೆವರು ಬರುತ್ತದೆ, ನಾವು ನೆರಳಿಗೆ ಓಡುತ್ತೇವೆ. ಇನ್ನೊಂದು ಕಣ್ಣಿಗೂ ಕಾಣದ, ಮೈಗೂ ತಿಳಿಯದ ಕಿರಣ. ಕಾಮನಬಿಲ್ಲಿನ ನೇರಳೆ ಬಣ್ಣದ ಆಚೆಗೆ ಇರುವುದರಿಂದ ಅದಕ್ಕೆ ನೇರಳಾತೀತ ಕಿರಣವೆಂದು ಹೆಸರು. 1801ರಲ್ಲಿ ಜರ್ಮನಿಯ ರಿಟ್ಟರ್ ಎಂಬಾತ ಬೆಳ್ಳಿಯ ಒಂದು ಲವಣವನ್ನು ಆ ಕಾಣದ ಜಾಗದಲ್ಲಿಟ್ಟು, ಅದು ಕಾಣುವ ಬೆಳಕಿಗಿಂತ ಬೇಗ ಕಪ್ಪಾಗುವುದನ್ನು ಕಂಡುಹಿಡಿದ. ಚರ್ಮವನ್ನು ಸುಡುವುದು, ಕಪ್ಪಿಡಿಸುವುದು, ವರ್ಷಾನುಗಟ್ಟಲೆ ಬಿದ್ದರೆ ಒಳಗೊಳಗೇ ಕೆಡಿಸುವುದು ಇದೇ. ತಂಪು ಗಾಳಿ ಬೀಸುತ್ತಿದ್ದರೂ ಇದು ಬೀಳುತ್ತಲೇ ಇರುತ್ತದೆ. ತೆಳುವಾದ ಮೋಡವಿದ್ದರೆ ಇದರ ಬಹುಪಾಲು ಮೋಡವನ್ನು ತೂರಿ ಕೆಳಗಿಳಿಯುತ್ತದೆ.

ನಮ್ಮ ಊರಿನ ನೆತ್ತಿಯ ಮೇಲೆ ಸೂರ್ಯ ವರ್ಷಕ್ಕೆ ಎರಡು ಸಲ ಸರಿಯಾಗಿ ಬಂದು ನಿಲ್ಲುತ್ತಾನೆ. ಏಪ್ರಿಲ್ ಕೊನೆಗೆ ಒಮ್ಮೆ, ಆಗಸ್ಟ್ ನಡುವಿನಲ್ಲಿ ಇನ್ನೊಮ್ಮೆ. ಏಪ್ರಿಲಿನದು ಎಲ್ಲರಿಗೂ ಗೊತ್ತು. ಆಗಸ್ಟಿನದು ಮೋಡದ ಮರೆಯಲ್ಲಿ ಬಂದು ಹೋಗುವುದರಿಂದ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ಮೋಡ ಸರಿದ ಆ ಒಂದೆರಡು ಗಂಟೆ ಬಹಳ ಕೆಟ್ಟದ್ದು. ಇದನ್ನು ಅಳೆಯಲು ಯಂತ್ರ ಬೇಡ, ನಿಮ್ಮ ನೆರಳು ಸಾಕು. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣ ಜೋರಾಗಿದೆ ಎಂದು ಅರ್ಥ. ನಮ್ಮ ಕಡೆ ಸೂರ್ಯ ತೀರ ಮೇಲೇರುವುದು ಹನ್ನೆರಡೂವರೆಯ ಸುಮಾರಿಗೆ. ಅದರ ಹಿಂದಿನ ಎರಡು ಗಂಟೆ, ಮುಂದಿನ ಎರಡು ಗಂಟೆ ಅತ್ಯಂತ ಕಠಿಣ.

ಕಣದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಕಷ್ಟವಿದೆ. ಸಿಮೆಂಟು ನೆಲ ತನ್ನ ಮೇಲೆ ಬಿದ್ದ ಈ ಕಿರಣದಲ್ಲಿ ನೂರಕ್ಕೆ ಹತ್ತರಷ್ಟನ್ನು ಮೇಲಕ್ಕೆ ಎಸೆಯುತ್ತದೆ. ತಲೆಗೆ ಸೆರಗು ಹೊದ್ದರೂ ಗದ್ದದ ಕೆಳಗೆ, ಮೂಗಿನ ಕೆಳಗೆ, ಕಣ್ಣಿಗೆ ಬಿಸಿಲು ಕೆಳಗಿನಿಂದ ಬರುತ್ತದೆ. ಯಂತ್ರದಲ್ಲಿ ಭತ್ತ ಒಣಗಿಸುವ ಗಿರಣಿಗಳ ಮಾತು ಬೇರೆ. ಬೇಯಿಸಿದ ಭತ್ತವನ್ನು ಇನ್ನೂ ಅಂಗಳದಲ್ಲೇ ಹರಡುವ ಕಡೆಗಳಲ್ಲಿ, ಮಂಡಕ್ಕಿ ಭಟ್ಟಿಗಳಲ್ಲಿ, ಭತ್ತ ಒಣಗುವಷ್ಟು ಹೊತ್ತೂ ಮನುಷ್ಯರೂ ಅದರೊಂದಿಗೆ ಒಣಗುತ್ತಾರೆ.

ನಾವು ಕಪ್ಪು ಜನ, ನಮಗೇನಾಗುತ್ತದೆ ಎಂದು ಕೇಳುವವರುಂಟು. ಅರ್ಧ ಸತ್ಯ. ನಮ್ಮ ಚರ್ಮದ ಕಪ್ಪು ನಮಗೆ ಹುಟ್ಟಿನಿಂದ ಬಂದ ಛತ್ರಿ. ಬಿಳಿಯರಿಗೆ ಬರುವಷ್ಟು ಚರ್ಮದ ಕ್ಯಾನ್ಸರ್ ನಮಗೆ ಬರುವುದಿಲ್ಲ; ಸುಮ್ಮನೆ ಹೆದರಿಸುವುದು ನಮ್ಮ ಕೆಲಸವಲ್ಲ. ಆದರೆ ಛತ್ರಿಗೂ ತೂತು ಬೀಳುತ್ತದೆ. ಕೆನ್ನೆ ಹಣೆಗಳ ಮೇಲೆ ಹರಡುವ ಬಂಗು ಬಿಸಿಲಿನಿಂದ ಹೆಚ್ಚುತ್ತದೆ. ಹಮಾಲರ ಕತ್ತಿನ ಹಿಂಭಾಗದ ಚರ್ಮ ದಪ್ಪಗಾಗಿ ಬಿರುಕುಬಿಟ್ಟ ಕೆರೆಯಂಗಳದಂತೆ ಗೆರೆಗೆರೆಯಾಗುವುದನ್ನು ನೀವೇ ನೋಡಿದ್ದೀರಿ. ಕೆಳತುಟಿ ಒರಟಾಗಿ ಸುಲಿಯುತ್ತದೆ. ಕಣ್ಣಿನ ಬಿಳಿಗುಡ್ಡೆಯಿಂದ ಮಾಂಸದ ಪೊರೆಯೊಂದು ಕರಿಗುಡ್ಡೆಯತ್ತ ಹಬ್ಬುತ್ತದೆ, ಮೋತಿಬಿಂದು ಬೇಗ ಬರುತ್ತದೆ. ತೊನ್ನು ಇರುವವರಿಗೆ ಆ ಬಿಳಿ ಜಾಗದಲ್ಲಿ ಛತ್ರಿಯೇ ಇಲ್ಲ, ಬೇಗ ಸುಡುತ್ತದೆ. (ತೊನ್ನು ಅಂಟುವ ರೋಗವಲ್ಲ. ಪಕ್ಕದಲ್ಲಿ ಕೂತು ಉಣ್ಣಲು ಹಿಂಜರಿಯುವವರು ನಮ್ಮ ಸಂಘದಲ್ಲೂ ಇದ್ದಾರೆ, ಅದಕ್ಕೇ ಹೇಳಿದೆವು.) ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಜೈಡ್, ಸೋಂಕಿಗೆ ಕೊಡುವ ಡಾಕ್ಸಿಸೈಕ್ಲಿನ್ ಮೊದಲಾದ ಕೆಲವು ಮಾತ್ರೆಗಳು ಚರ್ಮವನ್ನು ಬಿಸಿಲಿಗೆ ಇನ್ನಷ್ಟು ಮೆತ್ತಗೆ ಮಾಡುತ್ತವೆ, ನುಂಗುವವರು ವೈದ್ಯರನ್ನು ಕೇಳಿ ತಿಳಿದುಕೊಳ್ಳಿ, ನೀವಾಗಿ ನಿಲ್ಲಿಸಬೇಡಿ. ಇನ್ನು ಪಾರ್ಥೇನಿಯಂ ಗಿಡ. ಅದರ ಧೂಳು ಕೆಲವರ ರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ಕಜ್ಜಿ ಎಬ್ಬಿಸುತ್ತದೆ, ಬಿಸಿಲು ಬಿದ್ದರೆ ಅದು ಕೆರಳುತ್ತದೆ. ನಮ್ಮ ಜನ ಅದಕ್ಕೆ ಕಾಂಗ್ರೆಸ್ ಗಿಡವೆಂದು ಹೆಸರಿಟ್ಟಿದ್ದಾರೆ. ಹೆಸರಿಟ್ಟವರು ನಾವಲ್ಲ.

ಕ್ಯಾನ್ಸರಿನ ಮಾತನ್ನೂ ಹೇಳಿಬಿಡೋಣ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ 2023ರಲ್ಲಿ ಒಂದು ಲೆಕ್ಕ ಪ್ರಕಟಿಸಿದವು. 2019ರಲ್ಲಿ ಜಗತ್ತಿನಲ್ಲಿ 160 ಕೋಟಿ ಜನ ಕೆಲಸದ ವೇಳೆ ಬಿಸಿಲಿನ ಈ ಕಿರಣಕ್ಕೆ ಮೈಯೊಡ್ಡಿದ್ದರು. ಬಿಸಿಲಿನ ದುಡಿಮೆಯಿಂದ ಬಂದ ಚರ್ಮದ ಕ್ಯಾನ್ಸರಿಗೆ ಆ ವರ್ಷ ಸುಮಾರು 19,000 ಜನ ತೀರಿಕೊಂಡರು. ಮೆಲನೋಮ ಎಂಬ ಜಾತಿಯನ್ನು ಬಿಟ್ಟು ಉಳಿದ ಚರ್ಮದ ಕ್ಯಾನ್ಸರಿನ ಸಾವುಗಳಲ್ಲಿ ಹೆಚ್ಚುಕಡಿಮೆ ಮೂರಕ್ಕೆ ಒಂದು ಹೀಗೆ ಬಯಲಿನ ಕೂಲಿಯಿಂದ ಬಂದದ್ದು. ಮೂರು ನಾಲ್ಕು ವಾರ ಕಳೆದರೂ ಮಾಯದ ಹುಣ್ಣು, ಬೆಳೆಯುತ್ತಲೇ ಇರುವ ಗಂಟು, ತುಟಿಯ ಮೇಲೆ ಹೋಗದ ಒರಟು ಪೊರೆ — ಇವನ್ನು ಕಂಡರೆ ಅರಿಸಿನ ಹಚ್ಚಿ ಕಾಯುತ್ತ ಕೂರಬೇಡಿ.

ಈಗ ಹತ್ತಿ ಗಿರಣಿಗಳಿಗೆ ಸಂಬಂಧಪಟ್ಟ ಒಂದು ಹಳೆಯ ಸಂಗತಿ ಹೇಳುತ್ತೇವೆ. ಹತ್ತಿ ಗಿರಣಿಗಳಿಂದ ಹೆಸರಾದ ಊರಿನಲ್ಲಿ ಇದನ್ನು ಹೇಳದೆ ಹೋಗಬಾರದು. ಪೆಲಾಗ್ರ ಎಂಬ ಒಂದು ಕಾಯಿಲೆಯಿದೆ. ಬಿಸಿಲು ಬೀಳುವ ಜಾಗದಲ್ಲೆಲ್ಲ, ಎಂದರೆ ಕತ್ತಿನ ಸುತ್ತ ಸರ ಹಾಕಿದಂತೆ, ಕೈಯ ಹಿಂಭಾಗದಲ್ಲಿ, ಪಾದಗಳ ಮೇಲೆ ಚರ್ಮ ಕಪ್ಪಾಗಿ ಒಡೆದು ಸುಲಿಯುತ್ತದೆ. ಆಮೇಲೆ ಭೇದಿ, ಆಮೇಲೆ ಬುದ್ಧಿಭ್ರಮೆ, ಆಮೇಲೆ ಸಾವು. ಹದಿನೆಂಟನೆಯ ಶತಮಾನದಲ್ಲಿ ಅದಕ್ಕೆ ಈ ಹೆಸರಿಟ್ಟ ಇಟಲಿಯ ವೈದ್ಯ ಇದು ಬಿಸಿಲಿನದೇ ರೋಗವೆಂದು ತಿಳಿದಿದ್ದ. ಅಮೆರಿಕದ ದಕ್ಷಿಣ ಸೀಮೆಯಲ್ಲಿ ಇದು ಹಬ್ಬಿದಾಗ ಅಂಟುರೋಗವೆಂದು ಕೆಲವರೆಂದರು. ಗೋಲ್ಡ್‌ಬರ್ಗರ್ ಎಂಬ ಸರಕಾರಿ ವೈದ್ಯ ಇದನ್ನು ಒಪ್ಪಲಿಲ್ಲ. ಆತ ಸಿಡೆನ್‌ಸ್ಟ್ರಿಕರ್ ಎಂಬ ಅರ್ಥಶಾಸ್ತ್ರಜ್ಞನನ್ನು ಜೊತೆಗೆ ಹಾಕಿಕೊಂಡು 1916ರಲ್ಲಿ ಸೌತ್ ಕೆರೊಲಿನದ ಏಳು ಹತ್ತಿ ಗಿರಣಿ ಹಳ್ಳಿಗಳಿಗೆ ಹೋದ. ಮನೆಮನೆಗೆ ಹೋಗಿ ಯಾರ ಮೈಮೇಲೆ ರೋಗವಿದೆ ಎಂಬುದನ್ನು ಮಾತ್ರವಲ್ಲ, ಮನೆಗೆ ಎಷ್ಟು ಸಂಬಳ ಬರುತ್ತದೆ, ತಟ್ಟೆಗೆ ಏನು ಬೀಳುತ್ತದೆ ಎಂಬುದನ್ನೂ ಬರೆದುಕೊಂಡರು. ಸಂಬಳ ಏರಿದಂತೆಲ್ಲ ರೋಗ ಇಳಿದಿತ್ತು. ಹಾಲು, ಮಾಂಸ ಕೊಳ್ಳಬಲ್ಲ ಮನೆಯಲ್ಲಿ ಅದು ಅಪರೂಪ. ಜೋಳದ ಹಿಟ್ಟು, ಉಪ್ಪು ಹಚ್ಚಿದ ಹಂದಿಯ ಕೊಬ್ಬು, ಕಾಕಂಬಿಯಲ್ಲೇ ದಿನ ತಳ್ಳುವ ಮನೆಯಲ್ಲಿ ಅದು ಸಾಮಾನ್ಯ. ಅಲ್ಲಿನ ಜೋಳವೆಂದರೆ ನಮ್ಮ ಮೆಕ್ಕೆಜೋಳ. ಊಟದಲ್ಲಿ ಬೇಕಾದ ಒಂದು ಜೀವಸತ್ವ ಇಲ್ಲದೆ ಚರ್ಮ ಬಿಸಿಲನ್ನು ತಡೆಯಲಾರದೆ ಹೋಗುತ್ತಿತ್ತು. ಅದು ನಯಾಸಿನ್ ಎಂಬುದು 1937ರಲ್ಲಿ ತಿಳಿಯಿತು.

ಅದು ದೂರದ ಮಾತೆನ್ನಬೇಡಿ. ಹೈದರಾಬಾದಿನ ಪೋಷಣ ಸಂಶೋಧನಾಲಯದಲ್ಲಿದ್ದ ಡಾ. ಗೋಪಾಲನ್ ಮತ್ತು ಡಾ. ಶ್ರೀಕಾಂತಯ್ಯ ಅವರು ನಮ್ಮ ದಖ್ಖಣದ ಬಡ ಕೂಲಿಗಳಲ್ಲೇ ಪೆಲಾಗ್ರವನ್ನು ಕಂಡು 1960ರಲ್ಲಿ ಅದರ ವಿಚಾರ ಬರೆದರು. ಇವರು ತಿನ್ನುತ್ತಿದ್ದುದು ಮೆಕ್ಕೆಜೋಳವಲ್ಲ, ಬಿಳಿಜೋಳ. ಜೋಳದ ರೊಟ್ಟಿಯ ಮೇಲೆ ನಮಗೇನೂ ಸಿಟ್ಟಿಲ್ಲ, ಅದನ್ನು ತಿಂದೇ ಬೆಳೆದವರು ನಾವು. ರೊಟ್ಟಿಯ ಜೊತೆಗೆ ಬೇಳೆ, ಶೇಂಗಾ, ಹಾಲು ಇದ್ದರೆ ಏನೂ ಆಗದು. ರೊಟ್ಟಿಯ ಜೊತೆಗೆ ಖಾರವೊಂದೇ ಇದ್ದರೆ ಕಷ್ಟ. ಇವತ್ತು ಆ ಕಾಯಿಲೆ ಬಹಳ ಕಡಿಮೆಯಾಗಿದೆ; ಊಟ ಬಿಟ್ಟು ಕುಡಿಯುವವರಲ್ಲಿ ಆಗೊಮ್ಮೆ ಈಗೊಮ್ಮೆ ಕಾಣಿಸಿಕೊಳ್ಳುತ್ತದೆ. ನೋಡುವವನ ಕಣ್ಣಿಗೆ ಬಿಸಿಲು ಸುಟ್ಟಂತೆ ಕಾಣುತ್ತಿತ್ತು, ಸುಟ್ಟದ್ದು ಕಡಿಮೆ ಸಂಬಳ.

ಇನ್ನು ಟ್ಯೂಬಿನ ಲೆಕ್ಕ. ಸನ್‌ಸ್ಕ್ರೀನ್ ಸುಳ್ಳಲ್ಲ, ಅದು ಕೆಲಸ ಮಾಡುತ್ತದೆ. ಎಸ್.ಪಿ.ಎಫ್. 30 ಎಂದು ಬರೆದಿದ್ದರೆ ಸುಡುವ ಕಿರಣದಲ್ಲಿ ಮೂವತ್ತರಲ್ಲೊಂದು ಪಾಲು ಮಾತ್ರ ಒಳಗೆ ಹೋಗುತ್ತದೆ. ಆದರೆ ಆ ಸಂಖ್ಯೆ ಬರುವುದು ಪ್ರಯೋಗಶಾಲೆಯಲ್ಲಿ ಹಚ್ಚುವಷ್ಟು ದಪ್ಪಗೆ ಹಚ್ಚಿದಾಗ. ಮುಖ, ಕತ್ತಿಗೆ ಒಂದು ಚಹದ ಚಮಚ, ಒಂದೊಂದು ತೋಳಿಗೆ ಒಂದೊಂದು ಚಮಚ. ಬೆವರು ಸುರಿಯುವವರು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಅಂದರೆ 50 ಗ್ರಾಮಿನ ಟ್ಯೂಬು ಮೂರು ಸಲಕ್ಕೆ ಮುಗಿಯಿತು. ಬೆಳಿಗ್ಗೆ ಹತ್ತಕ್ಕೆ ಒಡೆದ ಟ್ಯೂಬು ಸಂಜೆಗೆ ಖಾಲಿ. ಅದರ ಬೆಲೆ ಅಂಗಡಿಯವರಾದ ನಿಮಗೆ ನಾವು ಹೇಳಬೇಕಾಗಿಲ್ಲ. ದಿನದ ಕೂಲಿಯ ದೊಡ್ಡ ಪಾಲು ಮುಖಕ್ಕೇ ಹೋಯಿತು. ಮೇಲಾಗಿ ಸರಕಾರ ಇದನ್ನು ಅಲಂಕಾರದ ಸಾಮಾನಿನ ಸಾಲಿನಲ್ಲಿಟ್ಟಿದೆ. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಾಗ ನೂರಕ್ಕೆ 28 ತೆರಿಗೆ, ಅದೇ ನವೆಂಬರಿನಲ್ಲಿ 18. 2025ರ ಸೆಪ್ಟೆಂಬರಿನಲ್ಲಿ ಮುಖದ ಪೌಡರಿನ ತೆರಿಗೆ 5ಕ್ಕೆ ಇಳಿಯಿತು, ಸನ್‌ಸ್ಕ್ರೀನಿನದು ಇಳಿಯಲಿಲ್ಲ. ತೊನ್ನು ಇರುವವರಿಗೆ, ಬಂಗಿಗೆ ಔಷಧಿ ತೆಗೆದುಕೊಳ್ಳುವವರಿಗೆ ಅದು ಬೇಕೇ ಬೇಕು. ಅಂಥವರಿಗೆ ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡಬೇಕೆಂದು ನಾವು ಕೇಳಬೇಕು. ಮಿಕ್ಕವರು ಜೇಬು ನೋಡಿಕೊಂಡು ಕೊರಗುವುದು ಬೇಡ. ಅದಕ್ಕಿಂತ ಒಳ್ಳೆಯದು ಬಟ್ಟೆ ಮತ್ತು ನೆರಳು.

ಅದಕ್ಕೆ ಮುಂಚೆ ಒಂದು ಎಚ್ಚರಿಕೆ. ನಮಗೆ ಗೊತ್ತಿರುವ ಒಬ್ಬ ಹೆಣ್ಣುಮಗಳು ಬಂಗು ಹೋಗಲೆಂದು ಔಷಧಿ ಅಂಗಡಿಯಲ್ಲಿ ಕೇಳಿ ಒಂದು ಕ್ರೀಮು ತಂದು ಹಚ್ಚಿದಳು. ಎರಡು ವಾರದಲ್ಲಿ ಮುಖ ತಿಳಿಯಾಯಿತು, ಓಣಿಯ ಹೆಂಗಸರೆಲ್ಲ ಅದೇ ತಂದರು. ವರ್ಷ ತುಂಬುವುದರೊಳಗೆ ಕೆನ್ನೆಯ ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳ್ಳಗಾಗಿ, ಕೆಂಪು ನರಗಳೆದ್ದು, ಬಿಸಿಲಿಗೆ ಹೊರಬಂದರೆ ಉರಿ ಉರಿ. ಅದರಲ್ಲಿದ್ದದ್ದು ಸ್ಟೀರಾಯ್ಡು. ಇಂಥ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು 2018ರಲ್ಲಿ ಕೇಂದ್ರ ಸರಕಾರ ಬಿಗಿ ಮಾಡಿತು. ಬಿಗಿ ಮಾಡಿದ್ದು ಕಾಗದದಲ್ಲಿ. ಬಿಟ್ಟರೂ ಒಮ್ಮೆಲೇ ಬಿಡದೆ ವೈದ್ಯರನ್ನು ಕೇಳಿ ಬಿಡಬೇಕು, ಇಲ್ಲದಿದ್ದರೆ ಮುಖ ಕೆರಳುತ್ತದೆ. ಬೆಳ್ಳಗಾಗಬೇಕೆಂಬ ಆಸೆಯನ್ನು ಬಿತ್ತಿದ ಕಂಪನಿಗಳು ಹೆಸರು ಬದಲಾಯಿಸಿ ಅದನ್ನೇ ಮಾರುತ್ತಿವೆ.

ಬಟ್ಟೆಯ ವಿಚಾರ ಗಿರಣಿ ಊರಿನವರಿಗೆ ನಾವು ಕಲಿಸಬೇಕಾದ್ದಲ್ಲ. ಎಳೆ ಎಷ್ಟು ಒತ್ತಾಗಿ ಕೂತಿದೆ ಎಂಬುದೇ ಮುಖ್ಯ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಆಚೆಯದು ಕಂಡರೆ ಬಿಸಿಲೂ ತೂರುತ್ತದೆ. ಬಿಳಿಯ ತೆಳು ಹತ್ತಿ ಬನಿಯನ್ನು ತಂಪೇನೋ ಹೌದು, ಕಿರಣಕ್ಕೆ ಅದು ಜರಡಿ. ಬೆವರಿಗೆ ಒದ್ದೆಯಾದರೆ ಇನ್ನೂ ಹೆಚ್ಚು ಬಿಡುತ್ತದೆ. ಅದೇ ಹತ್ತಿಯನ್ನು ಒತ್ತಾಗಿ ನೇಯ್ದು ಗಾಢ ಬಣ್ಣ ಹಾಕಿದರೆ ಎಷ್ಟೋ ಪಾಲು ಹೆಚ್ಚು ತಡೆಯುತ್ತದೆ. ಆಸ್ಟ್ರೇಲಿಯ, ನ್ಯೂಜಿಲೆಂಡಿನವರು ಬಟ್ಟೆ ಎಷ್ಟು ತಡೆಯುತ್ತದೆಂದು ಅಳೆದು ಮುದ್ರೆ ಹಾಕಲು 1996ರಲ್ಲೇ ಕ್ರಮ ಗೊತ್ತುಮಾಡಿದರು. ನಮ್ಮ ಕಣದ ಹೆಂಗಸರು ಅದನ್ನು ಓದದೆಯೇ ಕಂಡುಕೊಂಡಿದ್ದಾರೆ. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಬಿಗಿಯಾಗಿ ಟವೆಲ್ಲು. ನೋಡಿ ನಗುವವರಿದ್ದಾರೆ. ನಾವು ಕಂಡ ಬಿಸಿಲಿನ ಉಡುಪಿನಲ್ಲಿ ಇದಕ್ಕಿಂತ ಬುದ್ಧಿವಂತಿಕೆಯದು ಇನ್ನೊಂದಿಲ್ಲ. ಟವೆಲ್ಲಿನ ಒಂದು ತುದಿ ಕತ್ತಿನ ಹಿಂದೆ ಇಳಿಬಿದ್ದಿರಲಿ, ಅಷ್ಟೆ. ಆದರೆ ಆ ಅಂಗಿ ಹರಿದ ಮೇಲೆ ಹೊಸದು ಕೊಡಬೇಕಾದವನು ಗಂಡನೋ ಮಾಲಿಕನೋ? ವರ್ಷಕ್ಕೆ ಎರಡು ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿ ಎಂದು ಬೇಡಿಕೆ ಪಟ್ಟಿಯಲ್ಲಿ ಬರೆಯಬೇಕು.

ನೆರಳಿನಲ್ಲೂ ಮೋಸವಿದೆ. ಬಯಲಿನಲ್ಲಿ ಈ ಕಿರಣ ಸೂರ್ಯನಿಂದ ನೇರವಾಗಿ ಬರುವುದಲ್ಲದೆ ನೀಲಿ ಆಕಾಶದ ಎಲ್ಲ ಕಡೆಯಿಂದಲೂ ಚೆದುರಿ ಬರುತ್ತದೆ. ತಲೆಯ ಮೇಲೆ ಸಣ್ಣ ಛತ್ರಿ ಕಟ್ಟಿ ಸುತ್ತ ಬಯಲಿದ್ದರೆ ಅರ್ಧ ನೆರಳು. ತಳ್ಳುಗಾಡಿಯವರು ಅಗಲವಾದ ಚಪ್ಪರ ಹಾಕಿ, ಸಾಧ್ಯವಾದರೆ ಬಿಸಿಲು ಬರುವ ಮಗ್ಗುಲಿಗೊಂದು ತಡಿಕೆ ಇಳಿಬಿಡಿ. ಹಸಿರು ಬಲೆ ತರುವುದಾದರೆ 50 ಎಂಬುದು ಅರ್ಧ ಬೆಳಕು ಬಿಡುತ್ತದೆ, 75 ಅಥವಾ 90 ಕೇಳಿ.

ಆದರೆ ಚಪ್ಪರ ಹಾಕಿದ ಮರುದಿನ ನಗರಪಾಲಿಕೆಯ ಲಾರಿ ಬಂದು ಕಿತ್ತುಕೊಂಡು ಹೋದರೆ? ಇಲ್ಲಿ ವ್ಯಾಪಾರಿ ಬಂಧುಗಳು ಗಮನವಿಟ್ಟು ಕೇಳಬೇಕು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯಂತೆ ಊರಿನ ವ್ಯಾಪಾರ ಸಮಿತಿಯ ಸದಸ್ಯರಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ, ಚುನಾಯಿತರಾಗಿ, ಇರಬೇಕು. ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರು. ಆ ಸಮಿತಿಯಲ್ಲಿ ಜಾಗ, ಗುರುತಿನ ಚೀಟಿ ಎಂದು ಜಗಳಾಡುತ್ತೇವೆ, ಸರಿ. ವ್ಯಾಪಾರದ ವಲಯವೆಂದು ಗುರುತು ಮಾಡುವ ಜಾಗದಲ್ಲಿ ಮರವಿದೆಯೆ, ಚಾವಣಿ ಹಾಕುತ್ತಾರೆಯೆ ಎಂದು ಕೇಳಿದ್ದೇವೆಯೆ? ಬಟಾಬಯಲನ್ನು ತೋರಿಸಿ ಇದೇ ನಿಮ್ಮ ವಲಯವೆಂದರೆ ಒಪ್ಪಿಕೊಂಡು ಬರಬಾರದು.

ವೇಳೆಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1-30ಕ್ಕೆ ಮುಚ್ಚುತ್ತವೆ. ಗುಮಾಸ್ತರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ, ಅವರೂ ದುಡಿಯುವವರೇ. ಫ್ಯಾನಿನ ಕೆಳಗಿರುವವನಿಗೆ ಬಿಸಿಲಿನ ವೇಳಾಪಟ್ಟಿ ಇದ್ದು, ಆ ಕಚೇರಿಯ ಎದುರು ರಸ್ತೆಗೆ ಡಾಂಬರು ಹಾಕುವವನಿಗೆ ಇಲ್ಲದಿರುವುದು ಯಾವ ನ್ಯಾಯ? ಕೇರಳದಲ್ಲಿ ಬೇಸಿಗೆ ಬಂತೆಂದರೆ ಬಯಲಿನ ಕೆಲಸಗಾರರಿಗೆ ಹಗಲು 12ರಿಂದ 3ರವರೆಗೆ ವಿಶ್ರಾಂತಿಯೆಂದು ಕಾರ್ಮಿಕ ಇಲಾಖೆ ಆಜ್ಞೆ ಹೊರಡಿಸುತ್ತದೆ. ಅದಿರಲಿ, ನಮ್ಮ ಮಂಗಳೂರು, ಉಡುಪಿಯ ಎಷ್ಟೋ ಜನ ದುಡಿಯಲು ಹೋಗುವ ಅರಬ್ ಸಂಯುಕ್ತ ರಾಜ್ಯಗಳಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12-30ರಿಂದ 3ರವರೆಗೆ ಬಿಸಿಲಲ್ಲಿ ದುಡಿಸಕೂಡದು. ಅಲ್ಲಿ ಸಂಘ ಕಟ್ಟುವ ಹಕ್ಕೇ ಇಲ್ಲ! ಸಂಘವಿರುವ ನಾವು ಅಷ್ಟನ್ನಾದರೂ ತರಲಾರೆವೆ? ಬೆಳಿಗ್ಗೆ ಆರಕ್ಕೆ ಶುರು, ಹನ್ನೊಂದಕ್ಕೆ ಬಿಡುವು, ಮೂರರ ಮೇಲೆ ಮತ್ತೆ ಕೆಲಸ, ಕೂಲಿ ಪೂರ್ತಿ. ಕೂಲಿ ಕಡಿಯುವುದಾದರೆ ಅದು ಬಿಡುವಲ್ಲ. ಮಧ್ಯಾಹ್ನದ ಆ ಹೊತ್ತಿಗೆ ಭತ್ತ ತಿರುವಲೇಬೇಕು ಎನ್ನುವ ಮಾಲಿಕ ಯಂತ್ರ ತರಿಸಲಿ, ಅಥವಾ ಅರ್ಧ ಗಂಟೆಗೊಬ್ಬರಂತೆ ಸರದಿ ಹಾಕಲಿ.

ಕೊನೆಯದಾಗಿ ಚೀಟಿಯ ವಿಷಯ. ಇಟಲಿಯ ರಾಮಜ್ಜಿನಿ ಎಂಬ ವೈದ್ಯ 1700ರಲ್ಲಿ ದುಡಿಯುವವರ ಕಾಯಿಲೆಗಳ ಬಗ್ಗೆ ಒಂದು ಪುಸ್ತಕ ಬರೆದ. ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆಗೆ, ನೀನು ಮಾಡುವ ಕೆಲಸವೇನು ಎಂಬ ಪ್ರಶ್ನೆಯನ್ನೂ ವೈದ್ಯರು ಕೇಳಬೇಕು ಎಂಬುದು ಆತನ ಹಟ. ಮುನ್ನೂರು ವರ್ಷಕ್ಕೆ ಮೇಲಾಯಿತು. ಮೊನ್ನೆ ನಮ್ಮ ಕಣದ ಅಕ್ಕ ಒಬ್ಬರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಚೀಟಿಯಲ್ಲಿ ಹೆಸರಿತ್ತು, ವಯಸ್ಸಿತ್ತು, ಮುಲಾಮಿನ ಹೆಸರಿತ್ತು, ಕೆಲಸದ ಮಾತಿರಲಿಲ್ಲ. “ಅಪ್ಪಾ, ಭತ್ತದ ಕಣದಾಗ ಕೆಲ್ಸ ಅಂತ ಬರೀರಿ” ಎಂದು ಆಕೆ ಕೇಳಿದ್ದಕ್ಕೆ “ಅದ್ಯಾಕಮ್ಮ ಬೇಕು ನಿಂಗೆ?” ಎಂದರು.

ಯಾಕೆ ಬೇಕೆಂದು ಹೇಳುತ್ತೇವೆ. ಕೆಲಸದಿಂದ ಬರುವ ರೋಗಗಳಿಗೆ ಪರಿಹಾರ ಕೊಡಬೇಕೆಂದು 1923ರ ಪರಿಹಾರ ಕಾಯಿದೆಯಲ್ಲಿ ಒಂದು ಪಟ್ಟಿ ಇತ್ತು. ಈಗ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಗೆ ಸೇರಿದೆ. (ಆ ಸಂಹಿತೆಗಳ ಮೇಲೆ ನಮ್ಮ ತಕರಾರು ಬೇರೆ ಇದೆ, ಅದನ್ನು ಇನ್ನೊಂದು ದಿನ.) ಆ ಪಟ್ಟಿಯಲ್ಲಿ ಡಾಂಬರು, ಖನಿಜ ಎಣ್ಣೆಯಿಂದ ಬರುವ ಚರ್ಮದ ಕ್ಯಾನ್ಸರ್ ಇದೆ. ಭೌತಿಕ, ರಾಸಾಯನಿಕ, ಜೈವಿಕ ಕಾರಣಗಳಿಂದ ಬರುವ ಚರ್ಮರೋಗವೆಂಬ ಬಾಬತ್ತೂ ಇದೆ. ಹಿಮದ ಸೀಮೆಯಲ್ಲಿ ಕಣ್ಣು ಕಾಣದಂತಾಗುವ ಹಿಮಾಂಧತೆಯೂ ಇದೆ. ಆ ಕುರುಡು ಬರುವುದು ಹಿಮದಿಂದ ಪುಟಿದೆದ್ದ ಇದೇ ನೇರಳಾತೀತ ಕಿರಣದಿಂದ. ಹಿಮದಿಂದ ಪುಟಿದ ಬಿಸಿಲಿಗೆ ಕಾನೂನಿನಲ್ಲಿ ಹೆಸರಿದೆ, ಸಿಮೆಂಟು ಕಣದಿಂದ ಪುಟಿದ ಬಿಸಿಲಿಗೆ ಹೆಸರಿಲ್ಲ. ಜರ್ಮನಿಯವರು ಬಯಲಿನ ದುಡಿಮೆಯಿಂದ ಬರುವ ಒಂದು ಬಗೆಯ ಚರ್ಮದ ಕ್ಯಾನ್ಸರನ್ನು 2015ರ ಜನವರಿಯಿಂದ ಕೆಲಸದ ರೋಗವೆಂದು ಪಟ್ಟಿಗೆ ಸೇರಿಸಿದರು. ಅವರಲ್ಲಿ ಬಿಸಿಲು ನಮಗಿಂತ ಹೆಚ್ಚೆಂದಲ್ಲ, ಅವರಲ್ಲಿ ರೋಗದ ದಾಖಲೆ ಇತ್ತು. ನಮ್ಮಲ್ಲಿ ಚೀಟಿಯ ಮೇಲೆ ಕೆಲಸವನ್ನೇ ಬರೆಯದೆ ಇದ್ದರೆ, ನಾಳೆ ಯಾವ ಕಚೇರಿಯ ಮುಂದೆ ನಿಂತು ಏನು ತೋರಿಸೋಣ?

ಆದ್ದರಿಂದ ಆಸ್ಪತ್ರೆಗೆ ಹೋದಾಗ, ಅದು ಇ.ಎಸ್.ಐ. ಆಗಲಿ ಸರಕಾರಿಯದಾಗಲಿ, ಏನು ಕೆಲಸ, ದಿನಕ್ಕೆ ಎಷ್ಟು ಗಂಟೆ ಬಿಸಿಲು, ಎಷ್ಟು ವರ್ಷ ಎಂಬ ಮೂರು ಮಾತು ಬರೆಸಿಕೊಂಡೇ ಎದ್ದು ಬನ್ನಿ. ಬರೆಯಲು ಒಪ್ಪದಿದ್ದರೆ ಜೊತೆಗೆ ಸಂಘದವರೊಬ್ಬರನ್ನು ಕರೆದುಕೊಂಡು ಮತ್ತೆ ಹೋಗಿ. ಬೇಡಿಕೆ ಪಟ್ಟಿಯ ಕರಡು ಇಲ್ಲೇ ಮೇಜಿನ ಮೇಲಿದೆ: ವೇಳೆ, ಚಾವಣಿ, ಅಂಗಿ, ಆಸ್ಪತ್ರೆಯ ಮುಲಾಮು. ಓದಲು ಬಾರದವರಿಗೆ ಓದಿ ಹೇಳಿ ಆಮೇಲೆ ಸಹಿ ಹಾಕಿಸಿಕೊಳ್ಳುತ್ತೇವೆ. ಹಳೆಯ ಚೀಟಿಗಳಿದ್ದವರು ಬರುವ ಭಾನುವಾರ ತಂದರೆ ನಕಲು ತೆಗೆದಿಟ್ಟುಕೊಳ್ಳೋಣ. ಬೆಳಿಗ್ಗೆ ಎಂಟಕ್ಕೇ ಬನ್ನಿ, ಹೊತ್ತೇರಿದರೆ ಈ ತಗಡಿನ ಚಾವಣಿಯ ಕೆಳಗೆ ಕೂರಲಾಗುವುದಿಲ್ಲ.